ಒಳಸಂಚಿನ ಶಿಕ್ಷೆ, ಮೇಲ್ಮನವಿಯ ಹಕ್ಕು



ಗಾಂಜಾ ಮೊಕದ್ದಮೆಯಲ್ಲಿ ‘ಹತ್ತು ವರ್ಷ ಕಠಿಣ ಸಜೆ, ಒಂದು ಲಕ್ಷ ದಂಡ’ ಎಂಬ ತೀರ್ಪು ಕೇಳಿದ ಮನೆಯವರು, ಎಲ್ಲ ಮುಗಿಯಿತೆಂದುಕೊಂಡು ಹಾಸನದಿಂದ ಊರಿನ ಬಸ್ಸು ಹತ್ತುತ್ತಾರೆ. ಮುಗಿದಿಲ್ಲವೆಂದು ಹೇಳಲಿಕ್ಕಾಗಿಯೇ ಮೇಲ್ಮನವಿಯನ್ನು ಇಂದಿನ ವಿಷಯವಾಗಿ ಆರಿಸಿಕೊಂಡೆ. ಮಕ್ಕಳ ಕೈಗೆ ಗಾಂಜಾ ಕೊಡುವವರ ಬಗ್ಗೆ ನನಗೆ ಕರುಣೆಯಿಲ್ಲ. ಆದರೆ ಕಾಯ್ದೆ ಕಠಿಣವಾದಷ್ಟೂ ಪುರಾವೆ ಗಟ್ಟಿಯಾಗಿರಬೇಕೆಂದು ಸುಪ್ರೀಂ ಕೋರ್ಟ್ 2008ರ ನೂರ್ ಆಗಾ ತೀರ್ಪಿನಲ್ಲೇ ಹೇಳಿದೆ.

ಮಾದಕವಸ್ತುಗಳ ವಿರುದ್ಧದ 1985ರ ಎನ್‌ಡಿಪಿಎಸ್ ಕಾಯ್ದೆಯ 29ನೇ ಕಲಂ ಒಳಸಂಚಿಗೂ ಮೂಲ ಅಪರಾಧದಷ್ಟೇ ಶಿಕ್ಷೆ ಇಟ್ಟಿದೆ. ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ಒಬ್ಬ ಮಾಲು ಸಮೇತ ಸಿಕ್ಕಿಬಿದ್ದ ಎಂದಿಟ್ಟುಕೊಳ್ಳಿ. ‘ಇವನೂ ಜೊತೆಗಿದ್ದ’ ಎಂದು ಅವನು ಹೊಳೆನರಸೀಪುರದ ಇನ್ನೊಬ್ಬನ ಹೆಸರು ಹೇಳುತ್ತಾನೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಹಿಂದಿನಿಂದಲೂ ಪುರಾವೆಯಲ್ಲ. ಈ ಕಾಯ್ದೆಯಡಿ ತನಿಖಾಧಿಕಾರ ಪಡೆದ ಇತರ ಇಲಾಖೆಗಳ ಅಧಿಕಾರಿಗಳು 67ನೇ ಕಲಮಿನಡಿ ಬರೆದುಕೊಂಡ ತಪ್ಪೊಪ್ಪಿಗೆಯೂ ಅಲ್ಲವೆಂದು 2020ರ ಅಕ್ಟೋಬರ್ 29ರಂದು ತೂಫಾನ್ ಸಿಂಗ್ ಪ್ರಕರಣದಲ್ಲಿ ತೀರ್ಮಾನವಾಯಿತು. ಆ ಹೇಳಿಕೆಯನ್ನು ಬದಿಗಿಟ್ಟರೆ ಉಳಿಯುವುದೇನು? ಮೇಲ್ಮನವಿಯ ಮೊದಲ ಪ್ರಶ್ನೆ ಇದು. ಎರಡು ಫೋನುಗಳ ನಡುವೆ ಕರೆ ಹೋಗಿತ್ತೆಂದು ದಾಖಲೆ ಹೇಳೀತು, ಏನು ಮಾತಾಡಿದರೆಂದು ಹೇಳದು.

ಇನ್ನು ತೂಕ. ಗಾಂಜಾ 1 ಕಿಲೋವರೆಗೆ ಇದ್ದರೆ ಅಲ್ಪ ಪ್ರಮಾಣ. 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ, ಆಗ ಕನಿಷ್ಠ ಹತ್ತು ವರ್ಷ. ಅದಕ್ಕಿಂತ ಇಳಿಸುವ ಅಧಿಕಾರ ನ್ಯಾಯಾಧೀಶರಿಗಿಲ್ಲ. ಅರಕಲಗೂಡಿನ ಶುಂಠಿ ಹೊಲದ ನಡುವೆ ಯಾರಾದರೂ ಗಿಡ ಬೆಳೆದು ಸಿಕ್ಕಿಬಿದ್ದರೆ, ಬೇರು, ಕಾಂಡ, ಹಸಿ ಎಲೆ, ಅಂಟಿದ ಮಣ್ಣು ಎಲ್ಲವೂ ಒಟ್ಟಿಗೆ ತಕ್ಕಡಿಗೆ ಬೀಳಬಹುದು. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಎಲೆ, ಬೀಜ ಗಾಂಜಾ ಅಲ್ಲ. ಗಿಡ ಬೆಳೆಯುವುದು ಬೇರೆಯೇ ಅಪರಾಧ. ಅದಕ್ಕೆ ಗರಿಷ್ಠ ಹತ್ತು ವರ್ಷ, ಕನಿಷ್ಠವೆಂಬುದಿಲ್ಲ. ಒಬ್ಬ ರೈತನ ಜೀವನದ ಎಷ್ಟೋ ವರ್ಷಗಳು ಈ ವ್ಯತ್ಯಾಸದ ಮೇಲೆ ನಿಂತಿವೆ. ಆದ್ದರಿಂದ ಮಹಜರನ್ನು ಸಾಲು ಸಾಲಾಗಿ ಓದಬೇಕು: ಹೇಗೆ ತೂಗಿದರು, ಪಂಚರು ಯಾರು, 52ಎ ಕಲಮಿನಂತೆ ಮ್ಯಾಜಿಸ್ಟ್ರೇಟರ ಎದುರು ಮಾದರಿ ತೆಗೆದರೇ, ಮೊಹರು ಪ್ರಯೋಗಾಲಯ ಮುಟ್ಟುವವರೆಗೆ ಹಾಗೇ ಇತ್ತೇ. ಇವುಗಳಲ್ಲಿ ಒಂದು ಲೋಪ ಸಿಕ್ಕ ಮಾತ್ರಕ್ಕೆ ಬಿಡುಗಡೆ ಖಚಿತವೆಂದು ಯಾವ ವಕೀಲರೂ ಮಾತು ಕೊಡಬಾರದು.

ಮೇಲ್ಮನವಿ ಹೋಗುವುದು ಬೆಂಗಳೂರಿನ ಹೈಕೋರ್ಟಿಗೆ, 60 ದಿನಗಳೊಳಗೆ. ಅಲ್ಲಿ ಸಾಕ್ಷ್ಯವನ್ನೆಲ್ಲ ಮತ್ತೆ ತೂಗಿ ನೋಡುತ್ತಾರೆ. ‘ಹೋದರೆ ಶಿಕ್ಷೆ ಹೆಚ್ಚಾದೀತು’ ಎಂಬ ಭಯ ಬೇಡ. ಅಪರಾಧಿ ತಾನೇ ಹಾಕಿದ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಿಸುವಂತಿಲ್ಲ. ಮೇಲ್ಮನವಿಯ ವಿಚಾರಣೆ ನಡೆಯುವಾಗ ಶಿಕ್ಷೆಯನ್ನು ಅಮಾನತಿನಲ್ಲಿಡುವ ಅಧಿಕಾರ ಹೈಕೋರ್ಟಿಗೆ ಉಂಟೆಂದು 2000ದ ದಾದು ತೀರ್ಪು ಹೇಳಿದೆ, ಆದರೆ ಜಾಮೀನಿಗೆ 37ನೇ ಕಲಂ ಹಾಕಿರುವ ಷರತ್ತು ದಾಟುವುದು ಕಷ್ಟ.

ಹಣವಿಲ್ಲದವರೂ ಕೈಬಿಡಬೇಕಿಲ್ಲ. ಜೈಲಿನಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ, ತೀರ್ಪಿನ ಪ್ರತಿಯೂ ಉಚಿತ. ಅರ್ಜಿಯನ್ನು ಜೈಲಿನ ಅಧಿಕಾರಿಯ ಮೂಲಕವೇ ಕಳಿಸಬಹುದು. ತಾಲ್ಲೂಕು ಮಟ್ಟದಲ್ಲೂ ಕಾನೂನು ಸೇವಾ ಸಮಿತಿಗಳಿವೆ. ಇಲ್ಲಿರುವ ವಕೀಲ ಮಿತ್ರರಲ್ಲಿ ನನ್ನ ಕೋರಿಕೆ ಒಂದೇ: ಶಿಕ್ಷೆ ಪ್ರಕಟವಾದ ದಿನವೇ ಕೊನೆಯ ದಿನಾಂಕವನ್ನು ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಡಿ.