ತಲೆ ಮೇಲಿನ ಬುಟ್ಟಿ ಇಳಿಸಿದ ಮಂತ್ರಿ ಬಿ. ಬಸವಲಿಂಗಪ್ಪ



ವಾರ್ಷಿಕೋತ್ಸವದಲ್ಲಿ ಒಬ್ಬ ನಾಯಕರ ಬಗ್ಗೆ ಮಾತಾಡು ಅಂತ ಸಂಘದ ಅಣ್ಣಂದಿರು ಹೇಳಿದಾಗ, ನಾನು ಬಾಬಾಸಾಹೇಬರ ಬಗ್ಗೆಯೇ ಮಾತಾಡ್ತೀನಿ ಅಂತ ಎಲ್ಲರೂ ಅಂದುಕೊಂಡಿದ್ದರು. ನಾನು ಆರಿಸಿಕೊಂಡಿದ್ದು ನಮ್ಮ ಅದಿಯಮಾನ್‌ಕೋಟೆಯಲ್ಲಿ ಹೆಚ್ಚು ಜನ ಕೇಳದ ಒಂದು ಹೆಸರು, ಬಿ. ಬಸವಲಿಂಗಪ್ಪ. ಕರ್ನಾಟಕದಲ್ಲಿ ಮಂತ್ರಿಯಾಗಿದ್ದವರು. ಆ ರಾಜ್ಯದ ಮಂತ್ರಿಗೂ ತಮಿಳುನಾಡಿನ ನಮಗೂ ಏನು ಸಂಬಂಧ ಅಂತ ನೀವು ಕೇಳಬಹುದು. ನನಗೆ ಆ ಸಂಬಂಧ ನಮ್ಮ ತಾತನಿಂದ ಬಂತು.

ತಾತ ಹರೆಯದಲ್ಲಿ ಹೊಟ್ಟೆಪಾಡಿಗೆ ಹೊಸೂರು ದಾಟಿ ಕರ್ನಾಟಕದ ಒಂದು ಊರಿಗೆ ಹೋದವರು. ಅಲ್ಲಿ ಸಿಕ್ಕ ಕೆಲಸ, ಮನೆಗಳ ಹಿಂದುಗಡೆ ಮಲ ಬಳಿದು, ಬುಟ್ಟಿಗೆ ತುಂಬಿ, ತಲೆ ಮೇಲೆ ಹೊತ್ತು ಊರಾಚೆ ಸುರಿಯೋದು. ಮಳೆಗಾಲದಲ್ಲಿ ಬುಟ್ಟಿ ಸೋರಿ ಮುಖದ ಮೇಲೆ ಇಳಿಯೋದಂತೆ. ಇದನ್ನ ಅವರು ಹೇಳಿದ್ದು ಒಂದೇ ಸಲ. ಆಮೇಲೆ ಎಷ್ಟು ಕೇಳಿದರೂ ಆ ಮಾತಿಗೆ ಬರಲಿಲ್ಲ. "ಇನ್ಮೇಲೆ ತಲೆ ಮೇಲೆ ಹೊರಬಾರದು ಅಂತ ಒಂದಿನ ಆರ್ಡರ್ ಬಂತು. ನಮ್ಮೋರೇ ಯಾರೋ ಮಂತ್ರಿ ಆಗವ್ರಂತೆ ಅಂದ್ರು" ಅಂತ ಮಾತ್ರ ಆಗಾಗ ಹೇಳೋರು. ಮಂತ್ರಿಯ ಹೆಸರು ಅವರಿಗೆ ಗೊತ್ತಿರಲಿಲ್ಲ. ಬಿ.ಎ.ಗೆ ಸೇರಿದ ಮೇಲೆ ನಾನು ಹುಡುಕಿ ತಿಳಿದುಕೊಂಡೆ.

ಬಸವಲಿಂಗಪ್ಪನವರು ಹುಟ್ಟಿದ್ದು 1924ರಲ್ಲಿ, ಹರಿಹರದಲ್ಲಿ. ಕಾನೂನು ಓದಿ ವಕೀಲರಾದರು. ಬೆಂಗಳೂರಿನ ಪಕ್ಕದ ಯಲಹಂಕ ಮೀಸಲು ಕ್ಷೇತ್ರದಿಂದ ಶಾಸಕರಾದರು. 1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದಾಗ ಇವರಿಗೆ ಸಿಕ್ಕಿದ್ದು ಪೌರಾಡಳಿತ ಖಾತೆ. ಪೌರಾಡಳಿತ ಅಂದರೆ ಕಸ, ಚರಂಡಿ, ಕಕ್ಕಸು. ನಮ್ಮೋರಿಗೆ ಇಂಥದ್ದನ್ನೇ ಕೊಡ್ತಾರೆ ಅಂತ ಮುನಿಸಿಕೊಂಡು ಕೂರಬಹುದಿತ್ತು. ಆದರೆ ಅವರು ಕಂಡಿದ್ದೇ ಬೇರೆ. ಮಲ ಹೊರಿಸುತ್ತಿದ್ದ ಪುರಸಭೆಗಳೆಲ್ಲ ಈಗ ತನ್ನ ಕೈಕೆಳಗೆ ಬಂದಿವೆ! ತಲೆ ಮೇಲೆ ಮಲ ಹೊರುವ ಪದ್ಧತಿಯನ್ನ ಅವರು ನಿಷೇಧಿಸಿದರು. ಇಡೀ ದೇಶಕ್ಕೆ ಅಂತ ದೆಹಲಿಯಲ್ಲಿ ಕಾಯ್ದೆ ಆಗಿದ್ದು 1993ರಲ್ಲಿ. ಸುಮಾರು ಇಪ್ಪತ್ತು ವರ್ಷ ಮೊದಲೇ ಒಂದು ರಾಜ್ಯದ ಒಬ್ಬ ಮಂತ್ರಿ ಇದನ್ನ ಮಾಡಿದ್ದರು.

ಇಂಥವರ ಕುರ್ಚಿ ಹೋಗಿದ್ದು ಒಂದೇ ಒಂದು ಮಾತಿಗೆ. 1973ರ ನವೆಂಬರ್‌ನಲ್ಲಿ ಮೈಸೂರಿನ ಒಂದು ಸಭೆಯಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದುಬಿಟ್ಟರು. ಬೂಸಾ ಅಂದರೆ ದನಕ್ಕೆ ಹಾಕೋದು, ನಮ್ಮ ಕಡೆ ತೌಡು ಅಂತೀವಲ್ಲ, ಅಂಥದ್ದು. ಜ್ಞಾನ ಬೇಕಾದರೆ ಇಂಗ್ಲಿಷ್ ಕಲಿಯಿರಿ ಅನ್ನೋದು ಅವರ ಮಾತಿನ ಸಾರ. ಊರೂರಲ್ಲಿ ಗಲಾಟೆ ಎದ್ದಿತು. ಮಂತ್ರಿ ರಾಜೀನಾಮೆ ಕೊಡಲಿ ಅಂತ ಮೆರವಣಿಗೆಗಳಾದವು. ದಲಿತ ವಿದ್ಯಾರ್ಥಿಗಳಿಗೆ ಹೊಡೆತ ಬಿತ್ತು. ಕವಿ ಕುವೆಂಪು ಅಂಥ ದೊಡ್ಡವರೇ ಅವರ ಪರ ಮಾತಾಡಿದರೂ ಕೊನೆಗೆ ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು.

ನಿಜ ಹೇಳಬೇಕಂದ್ರೆ, ಇದನ್ನ ಮೊದಲು ಓದಿದಾಗ ನನಗೂ ಸಿಟ್ಟು ಬಂತು. ನಾನು ಓದಿದ್ದೆಲ್ಲ ತಮಿಳಿನಲ್ಲಿ. ಕನ್ನಡ ನಮಗೆ ಮನೆಮಾತು ಅಷ್ಟೆ. ಅಕ್ಷರ ಕಲಿತಿದ್ದು ಅತ್ತೆಯ ಹತ್ತಿರ, ಹಳೇ ಕ್ಯಾಲೆಂಡರ್ ಹಿಂದುಗಡೆ ಬರೆದು ಬರೆದು. ಅಷ್ಟು ಕಷ್ಟಪಟ್ಟು ಕಲಿತದ್ದನ್ನ ತೌಡು ಅಂದರೆ ಹೇಗೆ? ಆಮೇಲೆ ಯೋಚನೆ ಮಾಡಿದೆ. ಆ ಪುಸ್ತಕಗಳಲ್ಲಿ ನಮ್ಮ ತಾತ ಎಲ್ಲಿದ್ದಾರೆ? ಅವರ ಬುಟ್ಟಿ ಎಲ್ಲಿದೆ? ಅವರ ಮಾತು ಪೂರ್ತಿ ಸರಿ ಅಂತ ನಾನು ಹೇಳಲ್ಲ. ಆದರೆ ಅದರೊಳಗಿನ ಪ್ರಶ್ನೆ ಸರಿಯಾಗಿತ್ತು. ಅದಕ್ಕೆ ಉತ್ತರ ಕೊಟ್ಟವರು ಕಲ್ಲು ಹೊಡೆದವರಲ್ಲ, ನಮ್ಮವರೇ. ಆ ಗಲಾಟೆಯ ಬಿಸಿಯಲ್ಲೇ ದಲಿತ ಹುಡುಗರು ಒಂದಾದರು, ದಲಿತ ಸಂಘರ್ಷ ಸಮಿತಿ ಹುಟ್ಟಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು, 1984ರಲ್ಲಿ ದೇವನೂರ ಮಹಾದೇವರ 'ಕುಸುಮಬಾಲೆ' ಬಂತು. ಇವುಗಳಲ್ಲಿ ನಮ್ಮವರಿದ್ದಾರೆ.

ಕುರ್ಚಿ ಹೋದ ಮೇಲೆ ಬಸವಲಿಂಗಪ್ಪನವರು ಮನೆ ಸೇರಿಕೊಳ್ಳಲಿಲ್ಲ. ಅರಸು ಸರ್ಕಾರದಲ್ಲೇ ಮುಂದೆ ಕಂದಾಯ ಮಂತ್ರಿಯಾದರು. ದಲಿತರಿಗೆ ಸರ್ಕಾರ ಕೊಟ್ಟ ಜಮೀನು ಬೇರೆಯವರ ಪಾಲಾಗಿದ್ದರೆ ಅದನ್ನ ವಾಪಸ್ ಕೊಡಿಸುವ 1978ರ ಕಾಯ್ದೆ ಆ ಸರ್ಕಾರದ ಕಾಲದ್ದೇ. ನಮ್ಮ ಹಿರಿಯರು ಪಂಚಮಿ ನೆಲ ಅಂತ ಈಗಲೂ ಹೇಳ್ತಾರಲ್ಲ, ಬ್ರಿಟಿಷರ ಕಾಲದಲ್ಲಿ ನಮಗೆ ಅಂತ ಕೊಟ್ಟು ಆಮೇಲೆ ಕೈಬಿಟ್ಟು ಹೋದ ನೆಲ, ಆ ನೋವು ಗೊತ್ತಿದ್ದವರಿಗೆ ಈ ಕಾಯ್ದೆಯ ಬೆಲೆ ಗೊತ್ತಾಗುತ್ತೆ. 1992ರಲ್ಲಿ ಅವರು ತೀರಿಕೊಂಡರು.

ಈಗ ನಮ್ಮ ವಿಷಯಕ್ಕೆ ಬರ್ತೀನಿ. ಹೋದ ವರ್ಷ ನಮ್ಮ ಬೀದಿಯ ಇಬ್ಬರು ಹುಡುಗರಿಗೆ ಸೆಪ್ಟಿಕ್ ಟ್ಯಾಂಕ್ ಕ್ಲೀನ್ ಮಾಡೋಕೆ ಕರೆ ಬಂತು. ಒಂದು ದಿನದ ಕೆಲಸ, ಒಳ್ಳೇ ದುಡ್ಡು. ಒಬ್ಬ ನನ್ನ ಚಿಕ್ಕಪ್ಪನ ಮಗ. ಒಳಗೆ ಇಳಿಯೋ ಮೊದಲು ಅವನಿಗೆ ಯಾಕೋ ಭಯವಾಗಿ ನನಗೆ ಫೋನ್ ಮಾಡಿದ. "ಇಳಿಬೇಡ, ಬಂದುಬಿಡು" ಅಂದೆ. ಬಂದ. ಫೋನ್ ಮಾಡದೇ ಇದ್ದಿದ್ದರೆ? ಆ ಗುಂಡಿಯ ವಿಷಗಾಳಿಗೆ ಒಂದೆರಡು ಉಸಿರು ಸಾಕು. ಅವನನ್ನ ಎತ್ತೋಕೆ ಇಳಿದವನೂ ಮೇಲೆ ಬರಲ್ಲ.

2013ರ ಕಾಯ್ದೆ ಪ್ರಕಾರ ರಕ್ಷಣೆಯ ಸಾಮಾನು ಕೊಡದೆ ಮನುಷ್ಯರನ್ನ ಗುಂಡಿಗೆ ಇಳಿಸೋದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಇದೆ. ಚರಂಡಿಯಲ್ಲಿ ಸತ್ತರೆ ಮನೆಯವರಿಗೆ 30 ಲಕ್ಷ ರೂಪಾಯಿ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ 30 ಲಕ್ಷ ನಮಗೆ ಬೇಡ. ನಮ್ಮ ಹುಡುಗರು ಬೇಕು.

ಅದಕ್ಕೇ ಸಂಘದ ಮುಂದೆ ಎರಡು ಕೋರಿಕೆ ಇಡ್ತೀನಿ. ಒಂದು, ನಮ್ಮ ಬೀದಿಯಿಂದ ಯಾರೂ ಗುಂಡಿಗೆ ಇಳಿಯಬಾರದು ಅಂತ ಇವತ್ತೇ ತೀರ್ಮಾನ ಮಾಡೋಣ. ಕರೆ ಬಂದರೆ "ಮೆಷಿನ್ ಲಾರಿ ತರಿಸಿ" ಅಂತ ಹೇಳೋಣ. ಆ ದಿನದ ಕೂಲಿ ಕಳೆದುಕೊಂಡವನಿಗೆ ಸಂಘದಿಂದ ಏನಾದರೂ ಕೊಡೋಣ. ಎರಡು, ಸಂಘದ ಕೋಣೆಯಲ್ಲಿ ವಾರಕ್ಕೆ ಎರಡು ಸಂಜೆ ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಡೋಣ. ನಾನು ಬರ್ತೀನಿ, ಅತ್ತೆಯೂ ಬರ್ತಾರೆ.

ತಾತನ ತಲೆ ಮೇಲಿನ ಬುಟ್ಟಿ ಇಳಿಸಿದವರ ಹೆಸರು ತಾತನಿಗೆ ಗೊತ್ತಾಗಲೇ ಇಲ್ಲ. ನಮ್ಮ ಮಕ್ಕಳಿಗಾದರೂ ಗೊತ್ತಿರಲಿ. ಜೈ ಭೀಮ್.