ಬಲೆ ಎಳೆಯುವವರ ಸೊಂಟ ನೋವು



ಮೀನುಗಾರಿಕೆ ಎಂದೊಡನೆ ಎಲ್ಲರಿಗೂ ಕರಾವಳಿಯ ನೆನಪಾಗುತ್ತದೆ. ಆದರೆ ಸಮುದ್ರದಿಂದ ಬಹುದೂರವಿರುವ ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿಯೂ ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳಲ್ಲಿ ಮತ್ತು ನೀರು ತುಂಬಿದ ವರ್ಷಗಳಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಕೆರೆಗಳಲ್ಲಿ ಕಾಟ್ಲಾ, ರೋಹು, ಗೆಂಡೆ ಮೀನುಗಳನ್ನು ಹಿಡಿದು ಬದುಕುವ ಕುಟುಂಬಗಳಿವೆ. ಇವರಲ್ಲಿ ಅನೇಕರು ಬೆಳಗಿನ ಜಾವ ಬಲೆ ಎಳೆದು, ಹಗಲಿನಲ್ಲಿ ಅರಿಸಿನದ ಹೊಲದಲ್ಲಿ ಕೂಲಿ ಮಾಡುತ್ತಾರೆ. ಸೊಂಟ, ಭುಜ ಮತ್ತು ಮೊಣಕಾಲುಗಳ ನೋವು ಇವರ ನಿತ್ಯದ ಸಂಗಾತಿ. 2020ನೇ ಇಸವಿಯಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರು ಸೊಂಟ ನೋವಿನಿಂದ ಬಳಲುತ್ತಿದ್ದರೆಂದು ಅಂದಾಜು ಮಾಡಲಾಗಿದೆ. ಆದುದರಿಂದ ಇದು ಯಾರ ಹಣೆಬರಹವೂ ಅಲ್ಲ. ಕಾರಣವಿರುವ, ಬಹುಮಟ್ಟಿಗೆ ತಡೆಯಬಹುದಾದ ತೊಂದರೆ.

ಕಾರಣವನ್ನು ಮೊದಲು ತಿಳಿಯೋಣ. ನೆನೆದ ಬಲೆಯು ಒಣ ಬಲೆಗಿಂತ ಬಹಳ ಭಾರವಾಗಿರುತ್ತದೆ. ಅದನ್ನು ಬಾಗಿ, ಕೈಗಳನ್ನು ಮುಂದಕ್ಕೆ ಚಾಚಿ ಎಳೆಯುವಾಗ, ಕೈಯಲ್ಲಿರುವ ಭಾರದ ಹಲವು ಪಟ್ಟು ಒತ್ತಡವು ಸೊಂಟದ ಮೇಲೆ ಬೀಳುತ್ತದೆ. ಬೀಸುಬಲೆ ಎಸೆಯುವಾಗ ಬೆನ್ನು ತಿರುಚುತ್ತದೆ. ಹರಿಗೋಲಿನಲ್ಲಿ ಕುಳಿತು ಗಂಟೆಗಟ್ಟಲೆ ಹುಟ್ಟು ಹಾಕಿದರೆ ಭುಜದ ಸ್ನಾಯುಗಳು ದಣಿಯುತ್ತವೆ. ದಣಿದ ಸ್ನಾಯುವಿಗೆ ವಿಶ್ರಾಂತಿ ದೊರೆಯುವ ಮೊದಲೇ ಗುದ್ದಲಿ ಹಿಡಿದರೆ ನೋವು ನೆಲೆಯೂರುತ್ತದೆ. ಇನ್ನು ಮನೆಯ ಹೆಣ್ಣುಮಗಳು ಮೀನಿನ ಮಂಕರಿ ಹೊತ್ತು ಮಾರಿ ಬಂದು, ಈಳಿಗೆಮಣೆಯ ಮುಂದೆ ಕುಳಿತು, ನೀರು ಹೊತ್ತು, ಅಡಿಗೆ ಮಾಡುತ್ತಾಳೆ. ಆಕೆಯ ನೋವನ್ನು ಲೆಕ್ಕಕ್ಕೆ ಹಿಡಿಯುವವರೇ ಇಲ್ಲ!

ಇದನ್ನು ತಡೆಯುವ ಬಗೆ ಸುಲಭವಾದುದು. ತುಂಬಿದ ಬಲೆಯನ್ನು ಒಬ್ಬರೇ ಎಳೆಯದೆ ಇಬ್ಬರು ಸೇರಿ ಎಳೆಯಿರಿ. ಭಾರ ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ, ಹೊರೆಯನ್ನು ಎದೆಯ ಸಮೀಪಕ್ಕೆ ತಂದುಕೊಂಡು ಏಳಿರಿ. ಹೊತ್ತುಕೊಂಡೇ ಸೊಂಟ ತಿರುಚಬೇಡಿ, ಪಾದಗಳನ್ನು ತಿರುಗಿಸಿರಿ. ಒಂದು ದೊಡ್ಡ ಮಂಕರಿಗಿಂತ ಎರಡು ಚಿಕ್ಕ ಮಂಕರಿಗಳು ಲೇಸು. ಹುಟ್ಟು ಹಾಕುವ ಕೈಯನ್ನು ಆಗಾಗ ಬದಲಿಸಿರಿ. ಮೀನು ಕೊಯ್ಯುವ ಕೆಲಸವನ್ನು ಸಾಧ್ಯವಾದರೆ ಎತ್ತರದ ಕಟ್ಟೆಯ ಮೇಲೆ, ನಿಂತು ಮಾಡಿರಿ. ಗರ್ಭಿಣಿಯರಿಂದ ಭಾರ ಹೊರಿಸಬಾರದು. ಆ ತಿಂಗಳುಗಳಲ್ಲಿ ನೀರಿನ ಕೊಡವನ್ನು ಗಂಡನೇ ಹೊರುವುದು ನಾಚಿಕೆಯ ವಿಷಯವಲ್ಲ, ಧರ್ಮ.

ನೋವು ಬಂದಾಗ ಏನು ಮಾಡಬೇಕು? ಒಂದೆರಡು ದಿನ ಭಾರದ ಕೆಲಸ ಬಿಡಿ, ಬಿಸಿನೀರಿನ ಶಾಖ ಕೊಡಿ. ಆದರೆ ವಾರಗಟ್ಟಲೆ ಮಲಗಬೇಡಿ. ಮೆಲ್ಲಗೆ ನಡೆದಾಡುವುದರಿಂದ ಸೊಂಟವು ಬೇಗ ಚೇತರಿಸಿಕೊಳ್ಳುತ್ತದೆ. ಅಂಗಡಿಯ ಮಾತ್ರೆಗಳನ್ನು ದಿನನಿತ್ಯ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಗರ್ಭಿಣಿಯರಂತೂ ವೈದ್ಯರನ್ನು ಕೇಳದೆ ಯಾವ ನೋವಿನ ಮಾತ್ರೆಯನ್ನೂ ಸೇವಿಸಬಾರದು.

ಈಗ ಒಂದು ಮುಖ್ಯ ವಿಷಯ. "ಆಪರೇಷನ್ ಮಾಡಿಸಿಕೊಂಡ ಮೇಲೆ ಸೊಂಟ ಹಿಡಿಯಿತು," "ಗಂಡಸು ಮಾಡಿಸಿಕೊಂಡರೆ ಬಲೆ ಎಳೆಯುವ ಶಕ್ತಿ ಹೋಗುತ್ತದೆ" ಎಂಬ ಮಾತುಗಳು ಹಳ್ಳಿಗಳಲ್ಲಿ ಕೇಳಿಬರುತ್ತವೆ. ಇದು ತಪ್ಪು ತಿಳಿವಳಿಕೆ. ಪುರುಷರ ಶಸ್ತ್ರಚಿಕಿತ್ಸೆಯಲ್ಲಿ ವೀರ್ಯಾಣುಗಳು ಸಾಗುವ ಎರಡು ಸಣ್ಣ ನಾಳಗಳನ್ನು ಮಾತ್ರ ಕತ್ತರಿಸಿ ಮುಚ್ಚಲಾಗುತ್ತದೆ. ಬೆನ್ನಿಗಾಗಲಿ, ತೋಳಿಗಾಗಲಿ, ಪುರುಷತ್ವಕ್ಕಾಗಲಿ ಅದರ ಸಂಬಂಧವಿಲ್ಲ. ಎರಡು ದಿನಗಳ ವಿಶ್ರಾಂತಿಯ ನಂತರ ಹಗುರ ಕೆಲಸವನ್ನು, ಸುಮಾರು ಒಂದು ವಾರದ ನಂತರ ಎಂದಿನ ಕೆಲಸವನ್ನು ಮಾಡಬಹುದು. ಆದರೆ ಮೂರು ತಿಂಗಳ ಕಾಲ ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯಕ. ಸ್ತ್ರೀಯರ ಶಸ್ತ್ರಚಿಕಿತ್ಸೆಯು ಹೊಟ್ಟೆಯೊಳಗಿನದಾದ್ದರಿಂದ ಪುರುಷರದೇ ಹೆಚ್ಚು ಸರಳ. ಹತ್ತಾರು ವರ್ಷಗಳ ಹೊರೆಯು ತಂದ ನೋವಿನ ತಪ್ಪನ್ನು ಶಸ್ತ್ರಚಿಕಿತ್ಸೆಯ ಮೇಲೆ ಹೊರಿಸಿದರೆ ಎರಡು ಬಗೆಯ ನಷ್ಟವಾಗುತ್ತದೆ: ನೋವಿನ ನಿಜವಾದ ಕಾರಣ ಉಳಿದುಬಿಡುತ್ತದೆ, ಬೇಡವೆಂದುಕೊಂಡ ಬಸಿರನ್ನು, ನೋಯುವ ಅದೇ ಸೊಂಟದಿಂದ ಹೆಂಡತಿ ಮತ್ತೊಮ್ಮೆ ಹೊರಬೇಕಾಗುತ್ತದೆ. ಮಾಡಿಸಿಕೊಳ್ಳುವುದೂ ಬಿಡುವುದೂ ನಿಮ್ಮಿಬ್ಬರ ಇಚ್ಛೆ. ಆದರೆ ಸುಳ್ಳು ಭಯದಿಂದ ನಿರ್ಧರಿಸಬೇಡಿ.

ಕೆಲವು ನೋವುಗಳನ್ನು ಮಾತ್ರ ಒಂದು ದಿನವೂ ಅಲಕ್ಷಿಸಬಾರದು. ಕಾಲು ಜೋಮು ಹಿಡಿದು ಬಲ ಕುಂದಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಅಥವಾ ಮೂತ್ರ ಕಟ್ಟಿದರೆ, ಎತ್ತರದಿಂದ ಬಿದ್ದ ಮೇಲೆ ನೋವು ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿರಿ. ಸೊಂಟ ನೋವಿನೊಡನೆ ಜ್ವರ ಬಂದರೆ, ತೂಕ ಇಳಿದರೆ ಅಥವಾ ರಾತ್ರಿಯ ನಿದ್ದೆ ಕೆಡುವಷ್ಟು ನೋವಾದರೆ ಕ್ಷಯವೇ ಮೊದಲಾದ ರೋಗಗಳ ಪರೀಕ್ಷೆ ಅಗತ್ಯ. ನಿಮ್ಮ ಊರಿನ ಆಶಾ ಕಾರ್ಯಕರ್ತೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ದಾರಿ ತೋರಿಸುವರು.

ದಂಪತಿಗಳೇ, ಹರಿದ ಬಲೆಯನ್ನು ಹೆಣೆದುಕೊಳ್ಳಬಹುದು, ಹಳೆಯ ಹರಿಗೋಲನ್ನು ಬದಲಿಸಬಹುದು. ದೇಹ ಮಾತ್ರ ಒಂದೇ. ಇಂದು ಸಂಜೆ ಒಬ್ಬರನ್ನೊಬ್ಬರು "ನಿನಗೆ ಎಲ್ಲಿ ನೋವು?" ಎಂದು ಕೇಳಿರಿ, ನಾಳೆಯ ಹೊರೆಯನ್ನು ಹಂಚಿಕೊಳ್ಳಿರಿ. ಕುಟುಂಬ ಕಲ್ಯಾಣವು ಅಲ್ಲಿಂದಲೇ ಆರಂಭವಾಗುತ್ತದೆ.