ಮೊದಲ ಮೀನಿನ ಔತಣ

ಗೆಳೆಯರ ಗುಂಪು ಕಟ್ಟಿಕೊಂಡು ಬೇಟೆಗೆ ಹೋಗುವುದು, ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು ಗಾಳ ಇಳಿಬಿಡುವುದು ಚಳಿದೇಶಗಳಲ್ಲಿ ಇವತ್ತು ರಜಾದಿನದ ಹವ್ಯಾಸ. ಒಂದು ಕಾಲಕ್ಕೆ ಒಂದು ಇಡೀ ಸಾಮ್ರಾಜ್ಯವೇ ವರ್ಷದುದ್ದಕ್ಕೂ ಇದರ ಬೆನ್ನುಹತ್ತಿ ತಿರುಗುತ್ತಿತ್ತು. ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿರುವ ಆ ಕಥೆ ಹೇಳುತ್ತೇನೆ.

ಈಗಿನ ಚೀನಾದ ಈಶಾನ್ಯ ಭಾಗ, ಮಂಗೋಲಿಯದ ಹುಲ್ಲುಗಾವಲು ಇವನ್ನೆಲ್ಲ 1125ರವರೆಗೆ ಆಳಿದವರು ಖಿತಾನರು. ವಂಶದ ಹೆಸರು ಲಿಯಾವೊ. ಐದು ರಾಜಧಾನಿಗಳಿದ್ದರೂ ದೊರೆ ಡೇರೆಯಲ್ಲೇ ಇರುತ್ತಿದ್ದ. ಋತುವಿಗೊಂದು ಬೀಡು, ಅದಕ್ಕೆ ನಾಬೊ ಎನ್ನುತ್ತಿದ್ದರು. ಬೇಸಿಗೆಗೆ ತಂಪಾದ ಬೆಟ್ಟ. ಚಳಿಗಾಲಕ್ಕೆ ಬೆಚ್ಚನೆಯ ಮರಳುಬಯಲು, ರಾಜಕಾರ್ಯ, ದಕ್ಷಿಣದ ನೆರೆರಾಜ್ಯ ಸೋಂಗ್‌ನ ರಾಯಭಾರಿಗಳ ಭೇಟಿ. ಶರತ್ಕಾಲದ ನಡುರಾತ್ರಿ, ಉಪ್ಪುನೀರಿಗೆ ಬರುವ ಜಿಂಕೆಗಳನ್ನು ಅವುಗಳದೇ ದನಿಯಲ್ಲಿ ಕೊಂಬೂದಿ ಕರೆಯುವ ಬೇಟೆ.

ಎಲ್ಲಕ್ಕಿಂತ ಸೊಗಸು ವಸಂತದ ಬೀಡು. ನದಿ ಇನ್ನೂ ಕರಗಿರುವುದಿಲ್ಲ. ಆ ಹೆಪ್ಪಿನ ಮೇಲೆಯೇ ದೊರೆಯ ಡೇರೆ. ಹರಿದಾರಿ ದೂರದಿಂದ ಬಲೆ ಹಾಕಿ ಮೀನನ್ನು ಡೇರೆಯ ಕಡೆಗೆ ತರುಬುತ್ತಿದ್ದರು. ಡೇರೆಯೊಳಗೆ ನಾಲ್ಕು ಕುಳಿ ಕೊರೆದು, ಮೂರನ್ನು ತೂತಾಗದಂತೆ ತೆಳ್ಳಗೆ ಉಳಿಸಿಕೊಳ್ಳುವರು. ಮೀನು ಬಂತೇ ಎಂದು ಇಣುಕಿ ನೋಡಲು ಅವು ಕಿಟಕಿ. ನಾಲ್ಕನೆಯದು ನೀರಿನವರೆಗೆ. ದೈತ್ಯ ಸ್ಟರ್ಜನ್ ಮೀನು ಅಲ್ಲಿ ತಲೆಯೆತ್ತಿದಾಗ ದೊರೆ ಹಗ್ಗ ಕಟ್ಟಿದ ಕೊಕ್ಕೆ ಎಸೆಯುತ್ತಿದ್ದ. ಗಾಯಗೊಂಡ ಮೀನು ಓಡಲಿ ಎಂದು ಹಗ್ಗ ಬಿಟ್ಟು, ದಣಿದ ಮೇಲೆ ಎಳೆಯುವುದು. ವರ್ಷದ ಮೊದಲ ಮೀನು ಸಿಕ್ಕಿತೆಂದರೆ ಪಕ್ಕದ ಡೇರೆಯಲ್ಲಿ ಸಂಗೀತ, ಮದ್ಯ, ಔತಣ. ಹೆಪ್ಪು ಕರಗಿ ಹಂಸಗಳು ಬಂದಿಳಿದರೆ ಗಿಡುಗದ ಬೇಟೆ ಶುರು.

1112ರ ವಸಂತ. ನಮ್ಮಲ್ಲಿ ಆಗ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆ. ಮುಂದೆ ‘ಮಾನಸೋಲ್ಲಾಸ’ದಲ್ಲಿ ಬೇಟೆ, ಗಿಡುಗ, ಮೀನುಗಾರಿಕೆ ಕುರಿತು ಅಷ್ಟು ವಿವರವಾಗಿ ಬರೆದ ಸೋಮೇಶ್ವರ ಇವನ ಮಗನೇ. ಅತ್ತ ಲಿಯಾವೊ ದೊರೆ ತಿಯಾನ್‌ಜುವೊ ಮೊದಲ ಮೀನು ಹಿಡಿದು ಔತಣಕ್ಕೆ ಕುಳಿತಿದ್ದ. ಲಿಯಾವೊಗೆ ಅಧೀನವಾಗಿದ್ದ ಸುತ್ತಲಿನ ಜುರ್ಚೆನ್ ಬುಡಕಟ್ಟುಗಳ ನಾಯಕರೆಲ್ಲ ಪದ್ಧತಿಯಂತೆ ಬಂದಿದ್ದರು. ಮದ್ಯ ಏರಿದ ಹೊತ್ತಿಗೆ ದೊರೆಯ ಅಪ್ಪಣೆಯಾಯಿತು: ಒಬ್ಬೊಬ್ಬರಾಗಿ ಎದ್ದು ಕುಣಿಯಿರಿ. ಎಲ್ಲರೂ ಕುಣಿದರು. ಅಗುಡಾ ಎಂಬವನು ಮಾತ್ರ ನೆಟ್ಟ ನೋಟ ಕೀಳದೆ, ನನಗೆ ಬರುವುದಿಲ್ಲ ಎಂದ. ಮತ್ತೆ ಮತ್ತೆ ಹೇಳಿದರೂ ಏಳಲಿಲ್ಲ.

ಇವನ ನೋಟ ಸರಿಯಿಲ್ಲ, ಏನಾದರೂ ನೆಪ ಹೂಡಿ ಕೊಲ್ಲಿಸೋಣ ಎಂದು ದೊರೆ ಆಪ್ತ ಶಿಯಾವೊ ಫೆಂಗ್‌ಶಿಯಾನನ ಬಳಿ ಹೇಳಿದ. ಒರಟ ಮನುಷ್ಯ, ರೀತಿನೀತಿ ತಿಳಿಯದು, ಕೊಂದರೆ ಉಳಿದವರ ಮನಸ್ಸು ಕೆಡುತ್ತದೆ ಎಂದು ಅವನು ತಡೆದ. ಅಗುಡಾನ ತಮ್ಮಂದಿರು ದೊರೆಯ ಬೇಟೆಯ ಸಂಗಾತಿಗಳು. ಜಿಂಕೆ ಕರೆಯುವುದರಲ್ಲಿ, ಹುಲಿ ಇರಿಯುವುದರಲ್ಲಿ, ಕರಡಿಯೊಡನೆ ಸೆಣಸುವುದರಲ್ಲಿ ನಿಸ್ಸೀಮರು. ಖುಷಿಯಾದ ದೊರೆ ಅವರಿಗೆ ಪದವಿಗಳನ್ನೂ ಕೊಟ್ಟ.

ಜೊತೆಯಲ್ಲಿ ಬೇಟೆಯಾಡಿದವರ ಮನಸ್ಸನ್ನು ಓದಲಾಗದ ಈ ದೊರೆಯ ಬಗ್ಗೆ ನನಗೆ ಮರುಕವಿದೆ, ಕೋಪವೂ ಇದೆ. ಹಂಸ ಹೊಡೆಯುವ ಹೈದೊಂಗ್‌ಚಿಂಗ್ ಗಿಡುಗಗಳಿಗಾಗಿ ಅವನ ದೂತರು ಜುರ್ಚೆನ್ನರ ಹಳ್ಳಿಗಳನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದರು. ತನ್ನ ಮುಂಗೈ ಮೇಲಿನ ಹಕ್ಕಿ ಯಾರ ಕಣ್ಣೀರಿನಿಂದ ಬಂತೆಂದು ಅವನು ಕೇಳಲೇ ಇಲ್ಲ. 1114ರಲ್ಲಿ ಅಗುಡಾ ದಂಗೆಯೆದ್ದ. ಮರುವರ್ಷ ತನ್ನದೇ ಜಿನ್ ವಂಶ ಸ್ಥಾಪಿಸಿದ. 1125ರಲ್ಲಿ ತಿಯಾನ್‌ಜುವೊ ಸೆರೆಸಿಕ್ಕ, ಲಿಯಾವೊ ಮುಗಿಯಿತು.

ಗೆದ್ದವರು ವಸಂತದ ನೀರಿನ ಬೇಟೆ, ಶರತ್ಕಾಲದ ಬೆಟ್ಟದ ಬೇಟೆ ಎರಡನ್ನೂ ಬಿಡಲಿಲ್ಲ. ಜಿನ್ ದೊರೆಗಳೂ ಹಾಗೆಯೇ ಬೇಟೆಗೆ ಹೊರಟರು. ಅದೇ ಸೀಮೆಯ ಚಾಗಾನ್ ಸರೋವರದಲ್ಲಿ ಈಗಲೂ ಚಳಿಗಾಲದಲ್ಲಿ ಕುದುರೆಗಳು ರಾಟೆ ತಿರುಗಿಸಿ ಹೆಪ್ಪಿನಡಿಯ ಬಲೆ ಎಳೆಯುತ್ತವೆ. ಎಲ್ಲಾದರೂ ವಸ್ತುಸಂಗ್ರಹಾಲಯದಲ್ಲಿ, ಹಂಸದ ತಲೆಯ ಮೇಲೆ ಪುಟ್ಟ ಗಿಡುಗ ಎರಗಿರುವ ಹಸಿರುಕಲ್ಲಿನ ಕೆತ್ತನೆ ಕಂಡರೆ ದಯವಿಟ್ಟು ಸ್ವಲ್ಪ ಹೊತ್ತು ನಿಂತು ನೋಡಿ. ಅದು ಈ ಬೇಟೆಯದೇ ಚಿತ್ರ.